ರೆಗ್ಗಿ ಬುಷ್ ಮಾಡಿದ ತಪ್ಪೇನು?

(ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ದೊಡ್ಡವರಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡುತ್ತ ಬೆಳೆದವರು. ನಮ್ಮ ಮಕ್ಕಳು ಹಾಗಲ್ಲ. ಶನಿವಾರ ಬಂದರೆ ಅವರಿಗೆ ಕಾಲೇಜು ಫುಟ್‌ಬಾಲ್ ಬೇಕು, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳಲ್ಲಿ ಯಾರ ಮಗ ಯುಎಸ್‌ಸಿ ಕಡೆ, ಯಾರ ಮಗಳು ಯುಸಿಎಲ್‌ಎ ಕಡೆ ಅಂತ ನಮ್ಮ ಮನೆಗಳಲ್ಲೇ ಜಗಳ ನಡೆಯುತ್ತದೆ. ಇದೇ ಊರಿನ ಒಬ್ಬ ಆಟಗಾರನ ಕತೆಯನ್ನು ಇವತ್ತು ಹೇಳುತ್ತೇನೆ. ದೊಡ್ಡವರು ಗಮನವಿಟ್ಟು ಕೇಳಬೇಕು. ಇದು ಆಟದ ಕತೆ ಎಷ್ಟೋ, ದುಡಿಮೆ ಯಾರದು, ದುಡ್ಡು ಯಾರದು ಅನ್ನುವ ಕತೆಯೂ ಅಷ್ಟೇ.

ಹೆಸರು ರೆಗ್ಗಿ ಬುಷ್. ಹುಟ್ಟಿದ್ದು 1985ರಲ್ಲಿ, ಬೆಳೆದದ್ದು ಸ್ಯಾನ್ ಡಿಯಾಗೋ ಕಡೆ. ಹೈಸ್ಕೂಲು ಲಾ ಮೇಸಾದ ಹೀಲಿಕ್ಸ್. 2003ರಲ್ಲಿ ಯುಎಸ್‌ಸಿಗೆ ಬಂದ. ಆಡುತ್ತಿದ್ದದ್ದು ರನ್ನಿಂಗ್ ಬ್ಯಾಕ್ ಜಾಗದಲ್ಲಿ. ಅಂದರೆ ಚೆಂಡು ಕೈಗೆ ಬಂದ ಮೇಲೆ ಎದುರಿನ ಹನ್ನೊಂದು ಜನರ ನಡುವೆ ದಾರಿ ಮಾಡಿಕೊಂಡು ಓಡುವವನು. ಕೋಚ್ ಪೀಟ್ ಕ್ಯಾರಲ್. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಮ್ಯಾಟ್ ಲೈನಾರ್ಟ್. ಆ ತಂಡ ಸತತ 34 ಪಂದ್ಯ ಗೆದ್ದಿತು. ಆಗ ಲಾಸ್ ಏಂಜಲೀಸ್‌ನಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವೇ ಇರಲಿಲ್ಲ. ರ‍್ಯಾಮ್ಸ್ ಮತ್ತು ರೇಡರ್ಸ್ ಎರಡೂ 1994ರ ಸೀಸನ್ ಮುಗಿಸಿ ಊರು ಬಿಟ್ಟಿದ್ದವು. ಹಾಗಾಗಿ ಈ ಕಾಲೇಜು ತಂಡವೇ ಊರಿನ ತಂಡ. ಸುಮಾರು 90 ಸಾವಿರ ಜನ ಕೂರುವ ಕೊಲಿಸಿಯಂ ತುಂಬುತ್ತಿತ್ತು. ಸಿನಿಮಾದವರು, ಹಾಡುಗಾರರು ಮೈದಾನದ ಅಂಚಿಗೇ ಬಂದು ನಿಲ್ಲುತ್ತಿದ್ದರು. ಇಪ್ಪತ್ತು ವರ್ಷದ ಹುಡುಗರನ್ನು ನೋಡಲು!

ಅವನ ಆಟ ಹೇಗಿತ್ತು ಅನ್ನುವುದಕ್ಕೆ ಒಂದೇ ಪಂದ್ಯ ಹೇಳುತ್ತೇನೆ. 2005ರ ನವೆಂಬರ್ 19, ಎದುರಾಳಿ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯ. ಯಾರೂ ದೊಡ್ಡ ಪಂದ್ಯ ಅಂದುಕೊಂಡಿರಲಿಲ್ಲ. ಆದರೆ ಫ್ರೆಸ್ನೊ ಹುಡುಗರು ಪಟ್ಟು ಬಿಡಲಿಲ್ಲ, ಯುಎಸ್‌ಸಿ ಕೊನೆಗೆ 50-42ರಲ್ಲಿ ಗೆದ್ದಿತು. ಆ ಒಂದು ರಾತ್ರಿ ಬುಷ್ ಚೆಂಡು ಹಿಡಿದು ಓಡಿದ್ದು 294 ಗಜ. ಪಾಸ್ ಹಿಡಿದದ್ದು, ಕಿಕ್ ಹಿಂತಿರುಗಿಸಿದ್ದು ಎಲ್ಲ ಸೇರಿದರೆ 513 ಗಜ. ಮೈದಾನದ ಉದ್ದವೇ 100 ಗಜ, ನೆನಪಿಡಿ. ಅದರಲ್ಲಿ 50 ಗಜದ ಒಂದು ಟಚ್‌ಡೌನ್ ಇದೆ. ಟಚ್‌ಡೌನ್ ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದು. ಅಂಚಿನ ಗೆರೆ ಹಿಡಿದು ಪೂರ್ತಿ ವೇಗದಲ್ಲಿ ಓಡುತ್ತಿದ್ದವನು ಗಕ್ಕನೆ ನಿಂತ. ಹಿಂದೆ ಬಿದ್ದಿದ್ದವರು ಮುಗ್ಗರಿಸಿದರು. ಇವನು ಬೆನ್ನ ಹಿಂದಿನಿಂದ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಮೈದಾನಕ್ಕೆ ಅಡ್ಡಲಾಗಿ ಓಡಿ ಆ ಕಡೆ ಮೂಲೆ ಮುಟ್ಟಿದ. ಆಟದ ನಿಯಮ ಗೊತ್ತಿಲ್ಲದವರೂ ಎದ್ದು ನಿಲ್ಲುವಂಥ ಓಟ ಅದು. ಮನೆಗೆ ಹೋಗಿ ಮಕ್ಕಳಿಗೆ ಹೇಳಿ, ತೋರಿಸುತ್ತಾರೆ.

ಅದೇ ವರ್ಷ ಅಕ್ಟೋಬರ್ 15ರಂದು ನೋಟರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧ ಇನ್ನೊಂದು ಪ್ರಸಂಗ ನಡೆಯಿತು. ಪಂದ್ಯದ ಕೊನೆಯ ಕ್ಷಣ. ಗೆರೆಯ ಹತ್ತಿರ ಸಿಕ್ಕಿಬಿದ್ದಿದ್ದ ಲೈನಾರ್ಟ್‌ನನ್ನು ಬುಷ್ ಹಿಂದಿನಿಂದ ತಳ್ಳಿದ, ಯುಎಸ್‌ಸಿ 34-31ರಲ್ಲಿ ಗೆದ್ದಿತು. ಹಾಗೆ ತಳ್ಳುವುದು ಆಗಿನ ನಿಯಮದ ಪ್ರಕಾರ ತಪ್ಪು. ರೆಫರಿಗಳು ದಂಡ ಹಾಕಲಿಲ್ಲ. ಮುಂದೆ ಕಾಲೇಜು ಆಟದಲ್ಲಿ ಆ ನಿಯಮವನ್ನೇ ಸಡಿಲಿಸಿದರು. ಈಗ ತಳ್ಳಬಹುದು.

ಆ ಡಿಸೆಂಬರ್‌ನಲ್ಲಿ ಅವನಿಗೆ ಹೈಸ್‌ಮನ್ ಟ್ರೋಫಿ ಬಂತು. 1935ರಿಂದ ಕೊಡುತ್ತಿರುವ ಕಂಚಿನ ಟ್ರೋಫಿ. ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ ಯಾರು ಅಂತ ಪತ್ರಕರ್ತರು, ಹಳೆಯ ವಿಜೇತರು ಮತ ಹಾಕಿ ಆರಿಸುತ್ತಾರೆ. ಬುಷ್‌ಗೆ ಮೊದಲ ಸ್ಥಾನದ 784 ಮತ. ಟೆಕ್ಸಸ್‌ನ ವಿನ್ಸ್ ಯಂಗ್ ಎರಡನೆಯವನು. ಕೆಲವೇ ವಾರಗಳ ನಂತರ, 2006ರ ಜನವರಿ 4ರಂದು, ರೋಸ್ ಬೌಲ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಅದೇ ವಿನ್ಸ್ ಯಂಗ್‌ನ ತಂಡ ಯುಎಸ್‌ಸಿಯನ್ನು 41-38ರಲ್ಲಿ ಸೋಲಿಸಿತು. ಇವತ್ತಿಗೂ ಬಲ್ಲವರು ಅದನ್ನು ಕಾಲೇಜು ಆಟದ ಅತ್ಯಂತ ಒಳ್ಳೆಯ ಪಂದ್ಯಗಳಲ್ಲಿ ಎಣಿಸುತ್ತಾರೆ. ಏಪ್ರಿಲ್‌ನಲ್ಲಿ, ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ಬುಷ್‌ನನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಎರಡನೇ ಆಯ್ಕೆಯಾಗಿ ತೆಗೆದುಕೊಂಡಿತು.

ಇಲ್ಲಿಯವರೆಗೆ ಹೆಸರು, ಚಪ್ಪಾಳೆ. ಇನ್ನು ದುಡ್ಡಿನ ವಿಷಯಕ್ಕೆ ಬರೋಣ.

ಬುಷ್ ಆಡುವಾಗ ಅವನಿಗೆ ಸಿಗುತ್ತಿದ್ದದ್ದು ಸ್ಕಾಲರ್‌ಶಿಪ್. ಫೀಸು, ಊಟ, ವಸತಿ, ಪುಸ್ತಕ. ಅದರ ಮೇಲೆ ಹೊರಗಿನಿಂದ ಒಂದು ಡಾಲರ್ ಮುಟ್ಟುವ ಹಾಗಿಲ್ಲ. ತನ್ನ ಹೆಸರು, ಮುಖ, ಸಹಿ, ಯಾವುದನ್ನೂ ಮಾರುವ ಹಾಗಿಲ್ಲ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಅದು. ನೀವು ವಿದ್ಯಾರ್ಥಿಗಳು, ಹವ್ಯಾಸಕ್ಕೆ ಆಡುವವರು, ಅಂತ ಅದು ಹೇಳುತ್ತಿತ್ತು. ಆದರೆ ಕೋಚ್‌ಗೆ ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳ. ಟಿವಿ ಹಕ್ಕು ಮಾರಿದ ದುಡ್ಡು ವಿಶ್ವವಿದ್ಯಾಲಯಗಳಿಗೆ. 5ನೇ ನಂಬರಿನ ಅಂಗಿ ಅಂಗಡಿಯಲ್ಲಿ ಮಾರಾಟ. ಬೆನ್ನ ಮೇಲೆ ಹೆಸರಿಲ್ಲ, ಹೀಗಾಗಿ ಹುಡುಗನಿಗೆ ಪಾಲಿಲ್ಲ. ಆ ನಂಬರ್ ಯಾರದು ಅಂತ ಊರಿಗೆಲ್ಲ ಗೊತ್ತಿತ್ತು, ಅಲ್ವಾ? ವಿಡಿಯೋ ಗೇಮ್‌ನಲ್ಲೂ ಅದೇ. ಅದೇ ನಂಬರ್, ಅದೇ ಮೈಕಟ್ಟು, ಅದೇ ವೇಗ. ಹೆಸರು ಮಾತ್ರ ಇಲ್ಲ.

ಇಷ್ಟು ದೊಡ್ಡ ಹೆಸರಿನ ಹುಡುಗನ ಜೇಬು ಖಾಲಿ ಇಟ್ಟರೆ ಏನಾಗುತ್ತದೆ? ನಾಳೆ ಇವನು ಕೋಟಿ ದುಡಿಯುತ್ತಾನೆ, ಇವತ್ತೇ ಹಿಡಿದುಕೊಳ್ಳೋಣ ಅನ್ನುವವರು ಸುತ್ತ ಸೇರುತ್ತಾರೆ. ಸ್ಯಾನ್ ಡಿಯಾಗೋದಲ್ಲಿ ಇಬ್ಬರು ಸೇರಿ ಕ್ರೀಡಾಪಟುಗಳ ಏಜೆನ್ಸಿ ಶುರು ಮಾಡಲು ಹೊರಟಿದ್ದರು. ಬುಷ್ ಅವರ ಮೊದಲ ದೊಡ್ಡ ಹೆಸರಾಗಬೇಕಿತ್ತು. ಅವರು ಅವನಿಗೂ ಮನೆಯವರಿಗೂ ದುಡ್ಡು ಕೊಟ್ಟರು, ಓಡಾಟದ ಖರ್ಚು ಕೊಟ್ಟರು. ಅವನ ತಾಯಿ ಮತ್ತು ಮಲತಂದೆ ಸ್ಪ್ರಿಂಗ್ ವ್ಯಾಲಿಯಲ್ಲಿ ಇವರಲ್ಲೊಬ್ಬನ ಮನೆಯಲ್ಲಿ ಬಾಡಿಗೆ ಕೊಡದೆ ವಾಸವಿದ್ದರು ಅನ್ನುವುದು ಮುಖ್ಯ ಆರೋಪ. 2006ರಲ್ಲಿ ಯಾಹೂ ಸ್ಪೋರ್ಟ್ಸ್ ವರದಿಗಾರರು ಇದನ್ನೆಲ್ಲ ಹೊರಗೆಡಹಿದರು. ಬುಷ್ ಕೊನೆಗೆ ಬೇರೆ ಏಜೆಂಟ್‌ನನ್ನು ಆರಿಸಿಕೊಂಡ. ದುಡ್ಡು ಹಾಕಿದ್ದವರು ಸಿಟ್ಟಾದರು, ಒಬ್ಬ ಕೋರ್ಟಿಗೂ ಹೋದ. ಆ ಕೇಸು 2010ರಲ್ಲಿ ರಾಜಿಯಲ್ಲಿ ಮುಗಿಯಿತು.

ಬುಷ್ ಪೂರ್ತಿ ಅಮಾಯಕ ಅಂತ ನಾನು ಹೇಳುವುದಿಲ್ಲ. ನಿಯಮ ಅವನಿಗೆ ಗೊತ್ತಿತ್ತು. ಎನ್‌ಸಿಎಎ ತನಿಖೆ ಮಾಡಿ ನಿಯಮ ಮುರಿದದ್ದು ನಿಜ ಎಂದು ತೀರ್ಮಾನಿಸಿತು. ಸಿಕ್ಕಿಬಿದ್ದರೆ ಕಷ್ಟ ತನ್ನ ಜೊತೆ ಆಡುವ ಹುಡುಗರಿಗೂ ಬರುತ್ತದೆ ಎಂದು ಅವನು ಯೋಚಿಸಬೇಕಿತ್ತು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ. ಅವನ ತಪ್ಪಿಗೂ ಆಮೇಲೆ ಬಂದ ಶಿಕ್ಷೆಗೂ ತಾಳೆಯೇ ಇಲ್ಲ. ಆ ಶಿಕ್ಷೆ ಬಿದ್ದದ್ದು ತಪ್ಪು ಮಾಡಿದವರ ಮೇಲೂ ಅಲ್ಲ.

2010 ನೋಡಿ. ಫೆಬ್ರವರಿಯಲ್ಲಿ ಬುಷ್ ಸೇಂಟ್ಸ್ ತಂಡದ ಜೊತೆ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಕೋಚ್ ಕ್ಯಾರಲ್ ಜನವರಿಯಲ್ಲೇ ಯುಎಸ್‌ಸಿ ಬಿಟ್ಟು ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ಸೇರಿಯಾಗಿತ್ತು. ಜೂನ್ 10ರಂದು ಎನ್‌ಸಿಎಎ ತೀರ್ಪು ಬಂತು. ಯುಎಸ್‌ಸಿ ಎರಡು ವರ್ಷ ಬೌಲ್ ಪಂದ್ಯ, ಅಂದರೆ ಸೀಸನ್ ಕೊನೆಯ ದೊಡ್ಡ ಪಂದ್ಯ, ಆಡುವ ಹಾಗಿಲ್ಲ. ಮೂರು ವರ್ಷದಲ್ಲಿ 30 ಸ್ಕಾಲರ್‌ಶಿಪ್ ಕಡಿತ. 2004ರ ಕೊನೆಯ ಎರಡು ಗೆಲುವು, 2005ರ ಹನ್ನೆರಡು ಗೆಲುವು ಲೆಕ್ಕದಿಂದ ತೆಗೆದುಹಾಕಿದರು. ಮರುವರ್ಷ 2004ರ ರಾಷ್ಟ್ರೀಯ (ಬಿಸಿಎಸ್) ಚಾಂಪಿಯನ್ ಪಟ್ಟವೂ ಹೋಯಿತು. ಬುಷ್ ಜೊತೆ ವಿಶ್ವವಿದ್ಯಾಲಯ ಯಾವ ನಂಟನ್ನೂ ಇಟ್ಟುಕೊಳ್ಳಬಾರದು ಎಂದರು. ಅವನ ಅಂಗಿ, ಫೋಟೋ ಎಲ್ಲ ಕ್ಯಾಂಪಸ್‌ನಿಂದ ತೆಗೆದರು. ಯುಎಸ್‌ಸಿ ತನ್ನ ಬಳಿ ಇದ್ದ ಹೈಸ್‌ಮನ್ ಪ್ರತಿಯನ್ನು ವಾಪಸ್ ಕಳಿಸಿತು. ಸೆಪ್ಟೆಂಬರ್‌ನಲ್ಲಿ ಬುಷ್ ತನ್ನ ಪ್ರಶಸ್ತಿಯನ್ನು ತಾನೇ ಬಿಟ್ಟುಕೊಟ್ಟ. ಇದು ತಪ್ಪೊಪ್ಪಿಗೆ ಅಲ್ಲ ಎಂದೂ ಹೇಳಿದ. ಹೈಸ್‌ಮನ್ ಇತಿಹಾಸದಲ್ಲಿ ಹೀಗೆ ಆದದ್ದು ಅದೇ ಮೊದಲು. 2005ರ ಸಾಲನ್ನು ಖಾಲಿ ಬಿಟ್ಟರು. ವಿನ್ಸ್ ಯಂಗ್‌ಗೂ ಕೊಡಲಿಲ್ಲ.

ಈಗ ಹೇಳಿ. 2010ರಲ್ಲಿ ಯುಎಸ್‌ಸಿಗೆ ಸೇರಿದ 18 ವರ್ಷದ ಹುಡುಗನಿಗೆ 2005ರಲ್ಲಿ ಎಷ್ಟು ವಯಸ್ಸು? ಹದಿಮೂರು. ಅವನು ಬುಷ್‌ನನ್ನು ಟಿವಿಯಲ್ಲಿ ನೋಡಿದ್ದ, ಅಷ್ಟೇ. ಶಿಕ್ಷೆ ಅನುಭವಿಸಿದವನು ಅವನು. 2011ರಲ್ಲಿ ಯುಎಸ್‌ಸಿ ಹತ್ತು ಪಂದ್ಯ ಗೆದ್ದಿತು, ಎರಡು ಸೋತಿತು. ನವೆಂಬರ್‌ನಲ್ಲಿ ಯುಸಿಎಲ್‌ಎಯನ್ನು 50-0ರಲ್ಲಿ ಸೋಲಿಸಿತು. ಆ ವರ್ಷ ಮೊದಲ ಬಾರಿಗೆ, ಈ ಎರಡೂ ತಂಡಗಳಿದ್ದ ಪ್ಯಾಕ್-12 ಲೀಗ್‌ನ ಫೈನಲ್ ಇಟ್ಟಿದ್ದರು. ಅದಕ್ಕೆ ಹೋದದ್ದು 50-0ರಲ್ಲಿ ಸೋತ ಯುಸಿಎಲ್‌ಎ. ಯಾಕೆಂದರೆ ಯುಎಸ್‌ಸಿಗೆ ನಿಷೇಧ. ಇಲ್ಲಿ ಯುಸಿಎಲ್‌ಎ ಕಡೆಯವರು ಇದ್ದೀರಿ, ಬೇಸರ ಮಾಡಿಕೊಳ್ಳಬೇಡಿ. ಆ ಆಟಗಾರರಿಗೂ ಅದು ಸಂತೋಷ ಕೊಟ್ಟಿರಲಾರದು.

ಇನ್ನೊಂದು ವಿಷಯ ಹೇಳಲೇಬೇಕು. ಆ ಶಿಕ್ಷೆ ವಿಧಿಸಿದ ಎನ್‌ಸಿಎಎ ಸಮಿತಿಯ ಅಧ್ಯಕ್ಷರು ಪಾಲ್ ಡೀ. ದೊಡ್ಡ ಹೆಸರಿನ ಆಟಗಾರರಿದ್ದರೆ ಕಾವಲೂ ಅಷ್ಟೇ ದೊಡ್ಡದಿರಬೇಕು, ಯುಎಸ್‌ಸಿ ಕಾಯಲಿಲ್ಲ ಅನ್ನುವುದು ಅವರ ವಾದ. ಅವರು ಅದಕ್ಕೆ ಮುಂಚೆ ಮಯಾಮಿ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ದವರು. ಮರುವರ್ಷವೇ, 2011ರಲ್ಲಿ, ಮಯಾಮಿಯಲ್ಲಿ ನೆವಿನ್ ಶಪಿರೋ ಎಂಬ ವಂಚಕ ವರ್ಷಗಟ್ಟಲೆ ಆಟಗಾರರಿಗೆ ದುಡ್ಡು, ಉಡುಗೊರೆ ಹಂಚಿದ್ದ ಎಂಬ ವರದಿ ಬಂತು. ಅದರಲ್ಲಿ ಹೆಚ್ಚಿನ ವರ್ಷಗಳು ಡೀ ಅಲ್ಲಿ ಅಧಿಕಾರದಲ್ಲಿದ್ದ ಕಾಲದವು. ಡೀ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಯಾವ ವಿಶ್ವವಿದ್ಯಾಲಯವೂ ಕಾಯಲಾಗದ ನಿಯಮ ಅದಾಗಿತ್ತು ಅನ್ನುತ್ತಿದ್ದೇನೆ.

ಶಿಕ್ಷೆಗೆ ಅಳತೆಗೋಲೂ ಒಂದೇ ಇರಲಿಲ್ಲ. ಅದೇ 2010ರಲ್ಲಿ ಜಾರ್ಜಿಯಾದ ಎ. ಜೆ. ಗ್ರೀನ್ ತನ್ನದೇ ಅಂಗಿಯನ್ನು ಸಾವಿರ ಡಾಲರ್‌ಗೆ ಮಾರಿದ. ನಾಲ್ಕು ಪಂದ್ಯ ಹೊರಗೆ ಕೂರಿಸಿದರು. ಅದೇ ವರ್ಷ ಆಬರ್ನ್‌ನ ಕ್ಯಾಮ್ ನ್ಯೂಟನ್. ಇನ್ನೊಂದು ವಿಶ್ವವಿದ್ಯಾಲಯಕ್ಕೆ ಮಗನನ್ನು ಕಳಿಸಲು ಅವನ ತಂದೆ ದುಡ್ಡು ಕೇಳಿದ್ದರು ಎಂಬುದು ಬಯಲಾಯಿತು. ನ್ಯೂಟನ್‌ಗೆ ಇದು ಗೊತ್ತಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ ಎಂದು ಒಂದೇ ದಿನದಲ್ಲಿ ಅವನನ್ನು ವಾಪಸ್ ಆಡಲು ಬಿಟ್ಟರು. ಅವನು ಹೈಸ್‌ಮನ್ ಗೆದ್ದ. ಬುಷ್ ಟ್ರೋಫಿ ಬಿಟ್ಟುಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ.

ಆಮೇಲೆ ಟೆಕ್ಸಸ್ ಎ ಅಂಡ್ ಎಂನ ಜಾನಿ ಮ್ಯಾನ್‌ಜೆಲ್. 2012ರಲ್ಲಿ, ಹೈಸ್‌ಮನ್ ಗೆದ್ದ ಮೊದಲ ಫ್ರೆಶ್‌ಮನ್, ಅಂದರೆ ಮೊದಲ ವರ್ಷದ ಆಟಗಾರ. ಅಲಬಾಮಾವನ್ನು ಅದರ ಊರಿನಲ್ಲೇ 29-24ರಲ್ಲಿ ಸೋಲಿಸಿದವನು. ಮರುವರ್ಷ ಬೇಸಿಗೆಯಲ್ಲಿ, ದುಡ್ಡು ತೆಗೆದುಕೊಂಡು ಸಹಿ ಹಾಕಿಕೊಟ್ಟ ಎಂಬ ಆರೋಪ ಬಂತು. ಅವನಿಗೆ ಸಿಕ್ಕ ಶಿಕ್ಷೆ ಅರ್ಧ ಪಂದ್ಯ. ಹೌದು, ರೈಸ್ ವಿರುದ್ಧದ ಒಂದು ಪಂದ್ಯದ ಮೊದಲ ಅರ್ಧ. ಒಬ್ಬನಿಗೆ ಅರ್ಧ ಪಂದ್ಯ, ಒಬ್ಬನಿಗೆ ನಾಲ್ಕು ಪಂದ್ಯ, ಬುಷ್‌ಗೆ ಟ್ರೋಫಿ ಇಲ್ಲದ ಹದಿನಾಲ್ಕು ವರ್ಷ. ಮ್ಯಾನ್‌ಜೆಲ್ ಬಗ್ಗೆ ಒಂದು ಒಳ್ಳೆಯ ಮಾತೂ ಇದೆ. ಬುಷ್‌ಗೆ ಟ್ರೋಫಿ ವಾಪಸ್ ಕೊಡುವವರೆಗೆ ಹೈಸ್‌ಮನ್ ಸಮಾರಂಭಕ್ಕೆ ನಾನು ಬರುವುದಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಅವನು ಬಹಿರಂಗವಾಗಿ ಹೇಳಿದ.

ಸಭೆಯಲ್ಲಿ ಹಿರಿಯರೊಬ್ಬರು ಇಲ್ಲಿ ತಡೆದು ಕೇಳಿದರು: “ಸ್ಕಾಲರ್‌ಶಿಪ್ ಕೊಡ್ತಾರಲ್ಲಪ್ಪಾ, ನಾವೆಲ್ಲ ಮಕ್ಕಳ ಫೀಸಿಗೆ ಸಾಲ ಮಾಡ್ತೀವಿ. ಅದು ಸಾಲದಾ?”

ಸರ್, ನ್ಯಾಯವಾದ ಪ್ರಶ್ನೆ. ಯುಎಸ್‌ಸಿ ಫೀಸು ಎಷ್ಟು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಸ್ಕಾಲರ್‌ಶಿಪ್ ಸಣ್ಣ ವಿಷಯ ಅಲ್ಲ. ಆದರೆ ಹೀಗೆ ನೋಡಿ. ಸಂಗೀತ ಕಲಿಯಲು ಸ್ಕಾಲರ್‌ಶಿಪ್ ಪಡೆದ ವಿದ್ಯಾರ್ಥಿ ಹೊರಗೆ ಕಛೇರಿ ಕೊಟ್ಟು ದುಡ್ಡು ತೆಗೆದುಕೊಂಡರೆ ಯಾರೂ ತಡೆಯುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದುವವನು ಆ್ಯಪ್ ಮಾಡಿ ಮಾರಿದರೆ ವಿಶ್ವವಿದ್ಯಾಲಯ ಅವನ ಫೋಟೋ ಹಾಕಿ ಹೆಮ್ಮೆ ಪಡುತ್ತದೆ. ತಡೆ ಇದ್ದದ್ದು ಆಟಗಾರನಿಗೆ ಮಾತ್ರ. ಅವನ ದೇಹಕ್ಕೆ ಏನಾಗುತ್ತದೆ ಅನ್ನುವುದನ್ನೂ ಮರೆಯಬಾರದು. ಮೊಣಕಾಲು ಒಂದು ಸಲ ಹೋದರೆ ಎನ್‌ಎಫ್‌ಎಲ್ ಕನಸು ಅಲ್ಲಿಗೆ ಮುಗಿಯಿತು. ದೊಡ್ಡ ಕಾಲೇಜು ತಂಡಗಳಲ್ಲಿ ಹೊಡೆತ ತಿನ್ನುವ ಹುಡುಗರಲ್ಲಿ ದೊಡ್ಡ ಪಾಲು ಕಪ್ಪು ಜನರ ಮಕ್ಕಳು. ಸಂಬಳ ಎಣಿಸುವ ಕೋಚ್‌ಗಳು, ನಿರ್ದೇಶಕರಲ್ಲಿ ಹೆಚ್ಚಿನವರು ಬಿಳಿಯರು. ಈ ಮಾತನ್ನು ನಮ್ಮ ಕೂಟಗಳಲ್ಲಿ ಆಡುವುದಕ್ಕೆ ಹಿಂಜರಿಯುತ್ತೇವೆ. ಆದರೆ ಅದನ್ನು ಬಿಟ್ಟು ಈ ಕತೆ ಹೇಳಿದರೆ ಅರ್ಧವನ್ನೇ ಹೇಳಿದ ಹಾಗೆ. 2014ರವರೆಗೆ ಈ ಆಟಗಾರರಿಗೆ ಎಷ್ಟು ಊಟ ಕೊಡಬಹುದು ಅನ್ನುವುದಕ್ಕೂ ಎನ್‌ಸಿಎಎ ಮಿತಿ ಹಾಕಿತ್ತು. ಆ ವರ್ಷ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಹೇಳಿದ. ಆಮೇಲೆ ಆ ಮಿತಿ ತೆಗೆದರು.

ಬದಲಾವಣೆ ಕೋರ್ಟಿನಿಂದ ಬಂತು, ನಮ್ಮ ಈ ರಾಜ್ಯದಿಂದಲೂ ಬಂತು. ಯುಸಿಎಲ್‌ಎಯ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್, ತನ್ನನ್ನೇ ಹೋಲುವ ಆಟಗಾರ ವಿಡಿಯೋ ಗೇಮ್‌ನಲ್ಲಿರುವುದನ್ನು ಕಂಡು 2009ರಲ್ಲಿ ಕೇಸು ಹಾಕಿದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. 2019ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾ ಗವರ್ನರ್ ನ್ಯೂಸಮ್, ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಎನ್ನುವ ಕಾಯ್ದೆಗೆ ಸಹಿ ಹಾಕಿದರು. ಅದಾದ ಮೇಲೆ ಬೇರೆ ರಾಜ್ಯಗಳೂ ಸಾಲುಗಟ್ಟಿದವು. 2021ರ ಜೂನ್ 21ರಂದು, ಆಟಗಾರರಿಗೆ ಕೊಡುವುದಕ್ಕೆ ಎನ್‌ಸಿಎಎ ಹಾಕಿದ್ದ ಮಿತಿಯ ಬಗೆಗಿನ ಆಲ್ಸ್ಟನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್‌ನ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಸೇರಿ ಎನ್‌ಸಿಎಎ ವಿರುದ್ಧ ನಿಂತರು. ಎನ್‌ಸಿಎಎ ಕಾನೂನಿಗಿಂತ ದೊಡ್ಡದಲ್ಲ ಎಂದು ನ್ಯಾಯಮೂರ್ತಿ ಕ್ಯಾವನಾ ಬರೆದರು. ಹತ್ತು ದಿನದಲ್ಲಿ, ಜುಲೈ 1ಕ್ಕೆ, ಬಾಗಿಲು ತೆರೆಯಿತು. ಮಕ್ಕಳ ಬಾಯಲ್ಲಿ ನೀವು ಎನ್‌ಐಎಲ್ ಅಂತ ಕೇಳುತ್ತೀರಲ್ಲ, ಅದು ಇದೇ. ಹೆಸರು, ಚಿತ್ರ, ಹೋಲಿಕೆ ಮೂರರ ಮೇಲಿನ ಹಕ್ಕು.

2022ರಲ್ಲಿ ಅದೇ ಯುಎಸ್‌ಸಿಯ ಕೇಲೆಬ್ ವಿಲಿಯಮ್ಸ್ ಹೈಸ್‌ಮನ್ ಗೆದ್ದ. ಕಾಲೇಜಿನಲ್ಲಿ ಇರುವಾಗಲೇ ಟಿವಿ ಜಾಹೀರಾತಿನಲ್ಲಿ ಬಂದ, ದುಡ್ಡು ಪಡೆದ. ಎಲ್ಲ ರಾಜಾರೋಷವಾಗಿ. ಅದೇ ಮೈದಾನ, ಅದೇ ಅಂಗಿ, 17 ವರ್ಷದ ಅಂತರ. ಕೊನೆಗೆ 2024ರ ಏಪ್ರಿಲ್ 24ರಂದು ಹೈಸ್‌ಮನ್ ಟ್ರಸ್ಟ್ ಬುಷ್‌ಗೆ ಟ್ರೋಫಿಯನ್ನು ಮರಳಿಸಿತು. ಕಾಲೇಜು ಕ್ರೀಡೆಯೇ ಬದಲಾಗಿದೆ ಎಂದು ಕಾರಣ ಕೊಟ್ಟಿತು.

ಎನ್‌ಸಿಎಎ ಕಡೆಯ ವಾದವನ್ನೂ ಹೇಳಿಬಿಡುತ್ತೇನೆ. ಎನ್‌ಐಎಲ್ ಅಂದರೆ ಕೆಲಸ ಮಾಡಿ ದುಡ್ಡು ಪಡೆಯುವುದು, ಸುಮ್ನೆ ಆಟಕ್ಕೆ ದುಡ್ಡು ಕೊಡುವುದು ಬೇರೆ, ಅನ್ನುತ್ತಾರೆ. 2021ರಲ್ಲಿ ಬುಷ್ ವಿಷಯದಲ್ಲಿ ಅವರ ವಕ್ತಾರರು ಹಾಗೆ ಹೇಳಿದ್ದಕ್ಕೆ, ತನ್ನ ಮೇಲೆ ಸುಳ್ಳು ಹೊರಿಸಿದರು ಎಂದು ಬುಷ್ 2023ರಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಆಟಕ್ಕಾಗಿ ಯುಎಸ್‌ಸಿ ತನಗೆ ದುಡ್ಡು ಕೊಟ್ಟಿರಲೇ ಇಲ್ಲ ಅನ್ನುವುದು ಅವನ ಮಾತು. ನನಗೆ ಅವನ ಮಾತೇ ಸರಿ ಅನಿಸುತ್ತದೆ. ಅವನು ತೆಗೆದುಕೊಂಡದ್ದು ಹೊರಗಿನ ಏಜೆಂಟರಿಂದ, ಅವನ ಮುಂದಿನ ದುಡಿಮೆಯ ಆಸೆಗೆ ಅವರು ಕೊಟ್ಟದ್ದು. ಆ ದುಡ್ಡಿನಿಂದ ಯುಎಸ್‌ಸಿ ಒಂದು ಪಂದ್ಯವನ್ನೂ ಜಾಸ್ತಿ ಗೆಲ್ಲಲಿಲ್ಲ. ಫ್ರೆಸ್ನೊ ವಿರುದ್ಧ 513 ಗಜ ಓಡಿದ್ದು ಅವನ ಕಾಲು. ಇನ್ನು ಅವರು ಎಳೆದ ಆ ಗೆರೆಯೂ ಈಗ ಉಳಿದಿಲ್ಲ. 2025ರ ಜೂನ್‌ನಲ್ಲಿ ಇನ್ನೊಂದು ಕೇಸಿನಲ್ಲಿ ಅದೇ ನ್ಯಾಯಾಧೀಶೆ ವಿಲ್ಕನ್ ಒಪ್ಪಿದ ರಾಜಿಯಂತೆ, ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ ಡಾಲರ್.

ಟ್ರೋಫಿ ಬಂತು. ಆದರೆ ಆ ಹದಿನಾಲ್ಕು ಗೆಲುವು ದಾಖಲೆಗೆ ಮರಳಿಲ್ಲ. ಅವು ಬುಷ್ ಒಬ್ಬನ ಗೆಲುವಲ್ಲ. ಆ ತಂಡದಲ್ಲಿ ಯಾರ ಹತ್ತಿರವೂ ಐದು ಪೈಸೆ ತೆಗೆದುಕೊಳ್ಳದ ಎಷ್ಟೋ ಹುಡುಗರು ಇದ್ದರು. ಅವರ ಗೆಲುವನ್ನು ಅವರಿಗೆ ಕೊಡಬೇಕು. ಇದನ್ನು ಕೇಳುವುದಕ್ಕೆ ನಾವು ಯುಎಸ್‌ಸಿ ಅಭಿಮಾನಿಗಳೇ ಆಗಬೇಕಿಲ್ಲ.

ಕೊನೆಗೆ ಒಬ್ಬ ತಾಯಿ ಕೇಳಿದರು: “ನನ್ನ ಮಗ ಹೈಸ್ಕೂಲಿನಲ್ಲಿ ಕಿಕ್ಕರ್ ಆಗಿ ಆಡ್ತಾನೆ. ಈ ಎನ್‌ಐಎಲ್ ಬಗ್ಗೆ ನಾವು ಏನು ನೋಡಿಕೊಳ್ಳಬೇಕು?”

ಅಕ್ಕಾ, ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮಕ್ಕಳಿಗೂ ಅವಕಾಶ ಇದೆ. ಶಾಲೆಯ ಹೆಸರು, ಸಮವಸ್ತ್ರ, ಲಾಂಛನ ಬಳಸುವ ಹಾಗಿಲ್ಲ. ಬಂದ ದುಡ್ಡಿಗೆ ತೆರಿಗೆ ಕಟ್ಟಬೇಕು. ಉಡುಗೊರೆಯಾಗಿ ಬಂದ ಶೂ, ಬಟ್ಟೆಯೂ ಆದಾಯದ ಲೆಕ್ಕಕ್ಕೆ ಬರಬಹುದು. ಒಪ್ಪಂದದ ಅವಧಿ ಎಷ್ಟು ಅಂತ ಮೊದಲು ನೋಡಿ. ಮುಂದಿನ ಗಳಿಕೆಯಲ್ಲಿ ಇಷ್ಟು ಪಾಲು ನಮಗೆ ಅಂತ ಎಲ್ಲಾದರೂ ಬರೆದಿದ್ದರೆ ಸಹಿ ಹಾಕಬೇಡಿ. ಬುಷ್ ಸುತ್ತ ಸೇರಿದಂಥವರು ಇವತ್ತೂ ಇದ್ದಾರೆ, ಈಗ ಅವರ ಕೈಯಲ್ಲಿ ಕಾನೂನುಬದ್ಧ ಕಾಗದ ಇದೆ.

ನಮ್ಮವರಿಗೆ ಇನ್ನೊಂದು ವಿಷಯ ತುಂಬ ಮುಖ್ಯ. ಮಗ ಇಲ್ಲೇ ಹುಟ್ಟಿದವನಾದರೆ, ಗ್ರೀನ್ ಕಾರ್ಡ್ ಇದ್ದರೆ, ತೊಂದರೆ ಇಲ್ಲ. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳು ಇಲ್ಲಿ ಇವೆ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳು ಇಲ್ಲಿ ಕೆಲಸ ಮಾಡಿ ದುಡಿಯುವ ಹಾಗಿಲ್ಲ. ವಿದ್ಯಾರ್ಥಿ ವೀಸಾ ಆದ ಎಫ್-1ಗೆ ಬದಲಾದರೂ ಕಟ್ಟುಪಾಡು ಬಿಗಿಯಾಗಿದೆ. ಎನ್‌ಐಎಲ್ ಕಾಯ್ದೆಗಳು ರಾಜ್ಯದವು, ವೀಸಾ ಕೇಂದ್ರ ಸರ್ಕಾರದ್ದು. ತಂಡದ ಗೆಳೆಯ ಜಾಹೀರಾತು ಮಾಡಿದ ಅಂತ ನಿಮ್ಮ ಮಗನೂ ಮಾಡಿದರೆ ವೀಸಾಕ್ಕೇ ಕುತ್ತು ಬರಬಹುದು. ಕೋಚ್‌ಗೆ ಇದು ಗೊತ್ತಿರುವುದಿಲ್ಲ, ಬ್ರ್ಯಾಂಡ್‌ನವರು ಕೇಳುವುದೂ ಇಲ್ಲ. ಸಹಿ ಹಾಕುವ ಮೊದಲು ವಲಸೆ ವಕೀಲರ ಹತ್ತಿರ ಒಂದು ಸಲ ಮಾತಾಡಿ. ನಿಮ್ಮಲ್ಲಿ ಯಾರಾದರೂ ಆ ಕೆಲಸ ಮಾಡುವವರಿದ್ದರೆ, ಊಟ ಆದ ಮೇಲೆ ಈ ಅಕ್ಕನ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ.